ಗೊರಕಾಸುರನಿಗೆ ಸನ್ಮಾನ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲನೆಯ ಬೆಳಿಗ್ಗೆ ಬೆಚ್ಚಿಬಿದ್ದು ಗಂಟುಮೂಟೆ ಕಟ್ಟುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಮನೆಮನೆಯ ಹಿತ್ತಲಿಂದಲೂ ಬೈಗುಳ ಶುರುವಾಗಿರುತ್ತದೆ. "ಎದ್ದೇಳೋ ಕತ್ತೆ ಬಡವಾ!", "ನಿನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ!", "ಅನಿಷ್ಟ ಮೂತಿಯೋನೇ!" ಅಂತ ಬೀದಿಗೆ ಬೀದಿಯೇ ಗದ್ದಲ. ಜಗಳವಲ್ಲ ಸ್ವಾಮಿ, ಗಾಬರಿ ಬೀಳಬೇಡಿ. ನಮ್ಮ ಅಸುರರಿಗೆ ತಿಂಡಿ ಕೊಡುತ್ತಿದ್ದೇವೆ, ಅಷ್ಟೆ. ನಮ್ಮೂರಲ್ಲಿ ಮನೆಗೊಬ್ಬ ಅಸುರ ಆಳು. ನೀರು ಹೊರುತ್ತಾನೆ, ಸೌದೆ ಸೀಳುತ್ತಾನೆ, ಗಾಣ ತಿರುಗಿಸುತ್ತಾನೆ. ಅವನಿಗೆ ಅನ್ನ ಬೇಡ, ಬಟ್ಟೆ ಬೇಡ, ಬೈಗುಳ ಸಾಕು. ಬೆಳಿಗ್ಗೆ ಹೊಟ್ಟೆ ತುಂಬ ಬೈದರೆ ಮೈಕೈ ತುಂಬಿಕೊಂಡು ಸಂಜೆಯವರೆಗೆ ದುಡಿಯುತ್ತಾನೆ. ಬೈಯದೆ ಬಿಟ್ಟಿರೋ, ಹಸಿವು ತಾಳಲಾರದೆ ಮನೆಯನ್ನೇ ತಿನ್ನಲು ಶುರುಮಾಡುತ್ತಾನೆ. ಮೊದಲು ಹೊಸಿಲು, ಆಮೇಲೆ ಬಾಗಿಲು, ಕಂಬ, ತೊಲೆ. ಮರಮುಟ್ಟು ಮುಗಿದ ಮೇಲೆ ಮನೆಯವರು. ಹಾಗಾಗಿ ನಮ್ಮೂರಲ್ಲಿ ಹೆಣ್ಣು ನೋಡಲು ಹೋದವರು ಹಾಡು ಹೇಳು ಅನ್ನುವುದಿಲ್ಲ. "ಎಲ್ಲಿ ಮಗಾ, ನಾಚ್ಕೋಬೇಡ, ಒಂದೆರಡು ಮಾತು ಬೈ ನೋಡಾನ" ಅನ್ನುತ್ತಾರೆ.

ನನ್ನನ್ನು ಯಾರೂ ಹಾಗೆ ಕೇಳಲಿಲ್ಲ, ಅಲ್ಲೇ ಎಡವಟ್ಟಾಗಿದ್ದು. ನಾನು ಹೊಳೆಯಾಚೆಯ ಹುಡುಗಿ. ನಮ್ಮ ಕಡೆ ಅಸುರರೂ ಇಲ್ಲ, ಬೈಗುಳವೂ ಇಲ್ಲ. ಹಾಲು ಕರೆಯುವಾಗ ಎಮ್ಮೆ ಒದ್ದರೂ "ಯಾಕವ್ವಾ, ಬೇಜಾರಾ?" ಅಂತ ಮೈದಡವುವ ಮನೆತನ. ಅಂಥವಳು ಬಂದು ಸೇರಿದ್ದು ಕೆಂಚವ್ವನ ಮನೆಗೆ. ನಮ್ಮತ್ತೆ ಕೆಂಚವ್ವನ ಬಾಯಿ ಊರಿಗೇ ದೊಡ್ಡದು. ಅವರು ಸೊಂಟಕ್ಕೆ ಕೈಕೊಟ್ಟು ನಿಂತರೆ ಸುತ್ತಮುತ್ತಲಿನ ಅಸುರರೆಲ್ಲ ಗೋಡೆಯ ಮೇಲೆ ಗಲ್ಲ ಊರಿಕೊಂಡು ಕಾಯುತ್ತಿದ್ದರು, ತಮಗೂ ಒಂದೆರಡು ತುತ್ತು ಬೀಳಲಿ ಅಂತ. ಆದರೆ ನನಗೆ ಮಾತ್ರ ಒಂದು ದಿನವೂ ಅತ್ತೆ ಬೈದವರಲ್ಲ. "ಇರೋದೆಲ್ಲ ಆ ಗೊರಕನಿಗೇ ಖರ್ಚಾಗೋಯ್ತದೆ ಕಣವ್ವ, ನಿಂಗೆಲ್ಲಿ ಉಳಿಸ್ಲಿ?" ಅಂತ ನಗುತ್ತಿದ್ದರು.

ಗೊರಕ ಅಂದರೆ ನಮ್ಮ ಮನೆಯ ಅಸುರ, ಗೊರಕಾಸುರ. ಅವನು ಮಲಗಿ ಗೊರಕೆ ಹೊಡೆದರೆ ಹೆಂಚು ಜರುಗುತ್ತಿತ್ತು. ಆಳೆಂದರೆ ಆಳು, ಹುಣಸೆ ಮರದೆತ್ತರ. ಎರಡು ಕೊಂಬಿಗೂ ಹಗ್ಗ ಕಟ್ಟಿ ಅತ್ತೆ ಸೀರೆ ಒಣಗಹಾಕುತ್ತಿದ್ದರು. ಅವನು ಎಷ್ಟೋ ತಲೆಮಾರಿನಿಂದ ಆ ಮನೆಯ ಬೈಗುಳ ತಿಂದವನು, ಆದರೆ ಕೆಂಚವ್ವನ ಕೈರುಚಿ ಯಾರಿಗೂ ಬರಲಿಲ್ಲ ಅಂತ ಅವನೇ ಹೇಳುತ್ತಿದ್ದ. ನನ್ನ ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ನನಗೂ ಅವನೆಂದರೆ ಎದೆ ಢವಢವ.

ಅತ್ತೆ ಒಂದು ದಿನ ಬೈಯುತ್ತ ಬೈಯುತ್ತಲೇ ಕೂತರು, ಕೂತವರು ಏಳಲಿಲ್ಲ. ಊರಿಗೆ ಊರೇ ಅತ್ತಿತು. ಗೊರಕ ಹಿತ್ತಲಲ್ಲಿ ಮೂರ್ಛೆ ಹೋದವನ ಹಾಗೆ ಬಿದ್ದಿದ್ದ. ಕರ್ಮವೆಲ್ಲ ಮುಗಿದ ಮೇಲೆ ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಹೂಂ, ಸೊಸೆಮ್ಮಾ, ಬಡಿಸಿ" ಅಂದ. ನಾನು ಸೆರಗು ಹಿಂಡಿದೆ. ಗಂಟಲು ಸರಿಮಾಡಿಕೊಂಡೆ. ಕಣ್ಣು ಮುಚ್ಚಿ, "ಗೊರಕಾ, ನೀನು... ನೀನು ಅಷ್ಟೇನೂ ಒಳ್ಳೆಯವನಲ್ಲ" ಅಂದೆ.

ಅವನು ಕಿವಿ ಮುಂದೆ ಚಾಚಿದ. "ಆಮೇಲೆ?" ಅಂದ. ಆಮೇಲೆ ಏನೂ ಇರಲಿಲ್ಲ. "ಇದೇನ್ ಬೈಗುಳವೋ, ಜ್ವರ ಬಂದೋರಿಗೆ ಕಾಯ್ಸೋ ಗಂಜಿಯೋ?" ಅಂತ ಗೊಣಗಿಕೊಂಡು ಎದ್ದವನೇ ನಮ್ಮ ಹೊಸಿಲು ಕಿತ್ತು ಕಬ್ಬಿನ ಹಾಗೆ ಅಗಿದ. ನಮ್ಮವರು ಕೆಲಸದಿಂದ ಬಂದು ನೋಡಿದರು. ನಮ್ಮವರು ಅಂದರೆ ನನ್ನ ಗಂಡ, ಸಿಂಗಾರಯ್ಯನೋರು. ಮಾತಾಡಿದರೆ ಹಲ್ಲು ಸವೆಯುತ್ತದೆ ಅಂದುಕೊಂಡಿರುವ ಮನುಷ್ಯ. ಹೊಸಿಲಿದ್ದ ಜಾಗವನ್ನು ನೋಡಿದರು, ನನ್ನನ್ನು ನೋಡಿದರು, "ಎಡವೋದು ತಪ್ತು" ಅಂತ ಒಳಗೆ ಹೋದರು. ಆ ವಾರವೆಲ್ಲ ಅವರು ಆಡಿದ ಮಾತು ಅದೊಂದೇ.

ಹೊಸಿಲಾದ ಮೇಲೆ ಬೀದಿಬಾಗಿಲು ಹೋಯಿತು. ಜಗಲಿಯ ಕಂಬ ಹೋಯಿತು. ಮಾಡಿನ ಒಂದು ಮೂಲೆ ಕುಸಿದು ಅಡುಗೆಮನೆಯಿಂದಲೇ ಆಕಾಶ ಕಾಣತೊಡಗಿತು. ನಾನು ಒಲೆಯ ಮುಂದೆ ಕೂತು ಅಳುತ್ತಿದ್ದೆ. ಗೊರಕ ಕಿಟಕಿಯಲ್ಲಿ ಮುಖ ತೂರಿಸಿದ. "ನೋಡಿ ಸೊಸೆಮ್ಮಾ, ಮರ ಮುಗಿದ್ರೆ ನಿಮ್ಮನ್ನ ತಿನ್ನಬೇಕಾಯ್ತದೆ. ನಂಗೇನೂ ಆಸೆ ಇಲ್ಲ, ನೀವು ನೋಡಿದ್ರೇ ಸಪ್ಪೆ. ಯಜಮಾನ್ರಂತೂ ಬರೀ ಮೂಳೆ. ಅದ್ಕೆ ನಾನೇ ಕಲಿಸ್ಕೊಡ್ತೀನಿ. ದೊಡ್ಡಮ್ಮಾವ್ರು ಬೈದಿದ್ದೆಲ್ಲ ನಂಗೆ ಬಾಯಿಪಾಠ. ನಾನು ಹೇಳ್ತೀನಿ, ನೀವು ಹಂಗೇ ನಂಗೆ ವಾಪಸ್ ಹೇಳಿ" ಅಂದ.

ಹೀಗೆ ಶುರುವಾಯಿತು ನಮ್ಮ ಪಾಠ. ಅವನು ಕಣ್ಣು ಮುಚ್ಚಿಕೊಂಡು, "ಇದು ಯುಗಾದಿ ದಿನದ್ದು, ಒಬ್ಬಟ್ಟಿನ ಕಣಕ ತುಳಿದಾಗ ಬೈದಿದ್ದು" ಅಂತ ಪೀಠಿಕೆ ಹಾಕಿ ಶುರುಮಾಡುತ್ತಿದ್ದ. "ಲೋ ದಂಡಪಿಂಡ, ಕಣ್ಣೇನು ಅಂಗಾಲಲ್ಲಿ ಇಟ್ಕೊಂಡಿದೀಯೇನೋ, ಹಾಳಾದೋನೇ!" ನಾನು ಮಗ್ಗಿ ಒಪ್ಪಿಸುವವರ ಹಾಗೆ ಹೇಳುತ್ತಿದ್ದೆ. ಅತ್ತೆಯ ನೆನಪಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ದನಿಗೆ ತಲೆ ಚಚ್ಚಿಕೊಳ್ಳುತ್ತಿದ್ದ. "ಕೈ ಸೊಂಟದ ಮೇಲಿರ್ಲಿ. ಗದ್ದ ಎತ್ತಿ. ಕೊನೇಲಿ ಥೂ ಅನ್ನಿ ಸೊಸೆಮ್ಮಾ, ಥೂ ಇಲ್ದೆ ಬೈದ್ರೆ ಒಗ್ಗರಣೆ ಇಲ್ದಂಗೆ." ನನಗೆ ಆ ಥೂ ಮಾತ್ರ ಬರಲೇ ಇಲ್ಲ. ತುಟಿಯವರೆಗೆ ಬಂದು ಪುಸ್ ಅನ್ನುತ್ತಿತ್ತು. "ಸದ್ದು ಬಂತು, ಸಿಟ್ಟು ಬರ್ಲಿಲ್ಲ" ಅಂತ ಗೊಣಗುತ್ತ ಅವನು ಎದ್ದು ಹೋಗಿ ಅರೆಹೊಟ್ಟೆಯಲ್ಲೇ ನೀರು ಹೊರುತ್ತಿದ್ದ. ಮನೆ ತಿನ್ನುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಹಿತ್ತಲಬಾಗಿಲನ್ನು ಮಾತ್ರ ದಿನಾ ಮೂಸಿ ನೋಡಿ ಬಿಟ್ಟುಬಿಡುತ್ತಿದ್ದ. ಹಲಸಿನ ಮರದ್ದು, ಅತ್ತೆ ಮದುವೆಯಾಗಿ ಬಂದಾಗ ಮಾಡಿಸಿದ್ದಂತೆ. "ಇದು ಹಬ್ಬಕ್ಕೆ" ಅನ್ನುತ್ತಿದ್ದ. ಆ ಹಬ್ಬ ಬಂದು ಹೋದ ಮೇಲೆ ತಿನ್ನಲು ಉಳಿಯುವವರು ಯಾರು ಅಂತ ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಊರಿನ ನೆತ್ತಿಯ ಮೇಲೊಂದು ಗುಡ್ಡ, ಗುಡ್ಡದ ತುದಿಯಲ್ಲಿ ಡೊಳ್ಳುಬಂಡೆ. ಆ ವರ್ಷದ ಮಳೆಗೆ ಅದರ ಬುಡದ ಮಣ್ಣು ಕೊಚ್ಚಿಹೋಗಿ, ಒಂದು ಮಧ್ಯಾಹ್ನ ಗಡಗಡ ಅಂತ ಜಾರಲು ಶುರುವಾಯಿತು. ಗುಡ್ಡದ ಕೆಳಗಿನ ಮೊದಲನೆಯ ಮನೆಯೇ ನಮ್ಮದು. ಬೇರೆಯವರ ಅಸುರರೆಲ್ಲ ಹೊಟ್ಟೆ ತುಂಬ ಬೈಸಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದರು. ಹಸಿದಿದ್ದವನು ನಮ್ಮವನೊಬ್ಬನೇ, ಹಾಗಾಗಿ ಎಚ್ಚರವಿದ್ದವನೂ ಅವನೊಬ್ಬನೇ. ದಡದಡನೆ ಗುಡ್ಡ ಹತ್ತಿ, ಅರ್ಧ ದಾರಿಯಲ್ಲಿ ಬಂಡೆಗೆ ಬೆನ್ನುಕೊಟ್ಟು ನಿಂತುಬಿಟ್ಟ. ನಾನು ಏದುಸಿರು ಬಿಡುತ್ತ ಹತ್ತಿ ಹೋಗಿ ನೋಡಿದರೆ ಕಾಲು ಮೊಣಕಾಲವರೆಗೆ ಮಣ್ಣಲ್ಲಿ ಹೂತಿದೆ, ಕತ್ತಿನ ನರ ಹಗ್ಗದ ಹಾಗೆ ಉಬ್ಬಿದೆ.

"ಗೊರಕಾ, ನಮಗೋಸ್ಕರ..." ಅಂದೆ.

"ನಿಮಗೋಸ್ಕರ ಯಾರ್ ಬಂದ್ರು?" ಅಂತ ಹಲ್ಲು ಕಚ್ಚಿಕೊಂಡೇ ಗುರುಗುಟ್ಟಿದ. "ಹಿತ್ತಲಬಾಗ್ಲು ಉಳಿಸ್ಕೊಂಡಿದೀನಿ. ಪುಡಿಯಾಗಕ್ಕೆ ಬಿಡ್ತೀನಾ?"

ಊರೆಲ್ಲ ಬಂದು ನೋಡಿತು. ಬಂಡೆಯ ಬುಡದಲ್ಲಿ ಒಬ್ಬನಿಗಷ್ಟೇ ಜಾಗ, ಇನ್ನೊಬ್ಬ ಅಸುರ ನಿಲ್ಲುವಂತಿಲ್ಲ. ಇವನು ಬಿಟ್ಟರೆ ಊರಿಲ್ಲ. ಬಂಡೆಯ ಕೆಳಗೆ ಕಲ್ಲಿನ ಗೋಡೆ ಕಟ್ಟಿ ಇವನನ್ನು ಬಿಡಿಸಬೇಕು ಅಂತ ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಅವತ್ತೇ ಗಾಡಿಗಟ್ಟಲೆ ಕಲ್ಲು ಬಂದು ಬಿತ್ತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ನಮ್ಮ ಊರಗೌಡರು ಎದ್ದು ನಿಂತು ಎರಡು ಮಾತಾಡುತ್ತೇನೆ ಅಂದರು.

ಗೌಡರ ಹೆಸರು ಉಗ್ರಪ್ಪ. ಹೆಸರಷ್ಟೇ ಉಗ್ರ. ಬಾಯಿ ಬಿಟ್ಟರೆ ಸಕ್ಕರೆಪಾಕ. ಸೊಳ್ಳೆ ಕಚ್ಚಿದರೂ ಅದರ ಶ್ರದ್ಧೆಯನ್ನು ಮೆಚ್ಚಿ ನಾಲ್ಕು ಮಾತಾಡುವ ಮನುಷ್ಯ. ಅವರ ಮನೆಯ ಅಸುರ ಬೆಕ್ಕಿನಷ್ಟೇ ಇದ್ದ, ಒಲೆಯ ಪಕ್ಕ ಮಲಗಿರುತ್ತಿದ್ದ. ಅವನ ತಳಿಯೇ ಕುಳ್ಳು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಇನ್ನೊಂದು ಯೋಚನೆ ಯಾರ ತಲೆಗೂ ಹೊಳೆಯಲಿಲ್ಲ, ಯಾಕೆಂದರೆ ಅಸುರನನ್ನು ಹೊಗಳುವ ಕೆಲಸ ಬೇರೆ ಯಾರೂ ಮಾಡಿದ್ದಿಲ್ಲ. "ಮಹನೀಯರೇ, ಗೋಡೆ ಎಲ್ಲಿ ಹೋಗ್ತದೆ? ಇವತ್ತಲ್ಲ ನಾಳೆ ಕಟ್ಟಬಹುದು. ಊರು ಉಳಿಸಿದ ಪುಣ್ಯಾತ್ಮನಿಗೆ ಮೊದಲು ಒಂದು ಸನ್ಮಾನ ಆಗಬೇಡವೇ?" ಅಂದರು. ಸನ್ಮಾನ ಅಂದಕೂಡಲೇ ನಮ್ಮ ಜನಕ್ಕೆ ಮೈಮೇಲೆ ಬಂದಂತಾಗುತ್ತದೆ. ಸ್ವಾಗತ ಸಮಿತಿ, ಊಟದ ಸಮಿತಿ, ಹಾರದ ಸಮಿತಿ, ಎಲ್ಲ ಅಲ್ಲೇ ಹುಟ್ಟಿಕೊಂಡವು. ಗೋಡೆಗೆ ತಂದ ಕಲ್ಲುಗಳೆಲ್ಲ ವೇದಿಕೆ ಕಟ್ಟಲು ಹೋದವು. ವೇದಿಕೆ ಎಲ್ಲಿ ಅಂದಿರಾ? ಸನ್ಮಾನಿತರು ಜಾಗ ಬಿಟ್ಟು ಕದಲುವಂತಿಲ್ಲವಲ್ಲ! ಹಾಗಾಗಿ ಬಂಡೆಯ ಕೆಳಗೇ.

ಅವನನ್ನು ಬೈಯಬಾರದು ಅಂತಲೂ ಆಜ್ಞೆಯಾಯಿತು. ಬೆಳಿಗ್ಗೆ ನಾನು ಗುಡ್ಡ ಹತ್ತಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಲು ನಿಂತರೆ ಮುದುಕಿಯರು ಅಡ್ಡ ಬರುತ್ತಿದ್ದರು. "ಊರು ಕಾಯೋ ದೇವರಂಥೋನ್ನ ಬೈತೀಯೇನೇ, ನಿನ್ನ ನಾಲಿಗೆ ಸೇದೋಗ!" ಅಂತ ಆ ಬೈಗುಳವನ್ನೆಲ್ಲ ನನಗೇ ಕೊಡುತ್ತಿದ್ದರು. ಕದ್ದುಮುಚ್ಚಿ ಒಂದೆರಡು ಮಾತು ಬೈದು ಬರುತ್ತಿದ್ದೆ. ದಾರಿಹೋಕರು ಮಾತ್ರ "ಎಂಥಾ ಶಕ್ತಿವಂತ!" "ಎಂಥಾ ತ್ಯಾಗಿ!" ಅಂತ ಕೈಮುಗಿದು ಹೋಗುತ್ತಿದ್ದರು. ಒಂದೊಂದು ಸಲ ಕೈಮುಗಿದಾಗಲೂ ಅವನು ಒಂದಿಷ್ಟು ಇಳಿಯುತ್ತಿದ್ದ. ಹುಣಸೆ ಮರದೆತ್ತರ ಇದ್ದವನು ಬಾಳೆಗಿಡದೆತ್ತರಕ್ಕೆ ಬಂದ. ನನಗೆ ದಿಗಿಲಾಗಿ ಗೌಡರ ಹತ್ತಿರ ಓಡಿದೆ.

"ಗೌಡ್ರೇ, ಹೊಗಳಿಕೆ ಅವನಿಗೆ ಒಗ್ಗಲ್ಲ. ಕುಗ್ಗಿಹೋಗ್ತಿದಾನೆ. ಮೊದಲು ಗೋಡೆ ಕಟ್ಟಿಸಿ, ದಮ್ಮಯ್ಯ."

"ಚೆಲುವಮ್ಮಾ, ನಿನ್ನ ಕಾಳಜಿ ಅಮೋಘ" ಅಂದರು ಗೌಡರು. "ಆದರೆ ತಾಯಿ, ಹೊಗಳಿದರೆ ಯಾರಾದರೂ ಸಣ್ಣ ಆಗ್ತಾರಾ? ನನ್ನನ್ನೇ ನೋಡು!" ನೋಡಿದೆ. ಅವರ ಹೊಟ್ಟೆಯ ಮೇಲೆ ಅಂಗಿಯ ಗುಂಡಿ ನಿಲ್ಲುತ್ತಿರಲಿಲ್ಲ.

ಸನ್ಮಾನದ ದಿನ ಊರಿಗೆ ಊರೇ ಬಂಡೆಯ ಕೆಳಗೆ ಚಾಪೆ ಹಾಸಿಕೊಂಡು ಕೂತಿತು. ಗಲಾಟೆ ಮಾಡುತ್ತಾರೆಂದು ಉಳಿದ ಅಸುರರನ್ನು ಮನೆಯಲ್ಲೇ ಬಿಟ್ಟಿದ್ದರು. ಮಾವಿನ ತೋರಣ, ವಾಲಗ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಅಸುರನ ಯಜಮಾನರು ಅಂತ ನಮ್ಮವರನ್ನೂ ವೇದಿಕೆಯ ಮೇಲೆ ಕೂರಿಸಿದ್ದರು. ನಾನು ಮೊದಲನೆಯ ಸಾಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಗೊರಕನಿಗೆ ಜರಿಪೇಟ ಸುತ್ತಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಹಣ್ಣಿನ ಬುಟ್ಟಿ ಹಿಡಿಸಲು ಹೋಗಿ, ಕೈ ಖಾಲಿಯಿಲ್ಲವಲ್ಲ, ಕಾಲಬಳಿ ಇಟ್ಟರು. ಆಮೇಲೆ ಗೌಡರು ಅಭಿನಂದನಾ ಭಾಷಣಕ್ಕೆ ನಿಂತರು.

"ಧೀರ" ಅಂದರು. ಗೊರಕ ಮೊಳದುದ್ದ ಇಳಿದ. "ಉದಾರಿ" ಅಂದರು. ಪೇಟ ಜಾರಿ ಮೂಗಿನ ಮೇಲೆ ಬಂತು. "ನಮ್ಮೂರಿನ ಕಣ್ಮಣಿ" ಅಂದಾಗ ಹಾರ ಮೊಣಕಾಲು ಮುಟ್ಟಿತು. ಬಂಡೆ ಕಿರ್ ಅಂತ ಕೆಳಗೆ ಸರಿಯಿತು. ಮೇಲಿಂದ ಮಣ್ಣು, ಸಣ್ಣ ಕಲ್ಲು ಉದುರಿ ಗೌಡರ ತಲೆಯ ಮೇಲೆ ಬಿದ್ದವು. ಜನ ಪುಷ್ಪವೃಷ್ಟಿ ಅಂದುಕೊಂಡು ಚಪ್ಪಾಳೆ ತಟ್ಟಿದರು. "ಕೊನೆಯದಾಗಿ ಒಂದೆರಡು ಮಾತು" ಅಂದರು ಗೌಡರು. ಅವರು ಹಾಗಂದರೆ ಇನ್ನೂ ಅರ್ಧ ಬಾಕಿ ಇದೆ ಅಂತ ಊರಿಗೇ ಗೊತ್ತು.

ನಾನು ಎದ್ದು ವೇದಿಕೆ ಹತ್ತಿದೆ. ಕೈ ಸೊಂಟದ ಮೇಲಿಟ್ಟೆ, ಗದ್ದ ಎತ್ತಿದೆ, ಯುಗಾದಿಯದ್ದನ್ನು ಹೇಳಿದೆ. ಗೌರಿಹಬ್ಬದ್ದನ್ನು ಹೇಳಿದೆ. ಕರುವಿನಷ್ಟಾಗಿದ್ದ ಗೊರಕ ಪೇಟ ಮೇಲೆತ್ತಿ ನನ್ನನ್ನು ನೋಡಿದ. ಅವನ ಮುಖದ ಮೇಲೆ ಒಂದು ನಗು. ಅಂಥ ನಗುವನ್ನು ಅವನ ಮುಖದಲ್ಲಿ ನಾನು ಕಂಡೇ ಇರಲಿಲ್ಲ.

"ಸೊಸೆಮ್ಮಾ, ಒಸಿ ಸುಮ್ಕಿರಿ" ಅಂದ ಮೆಲ್ಲಗೆ. "ಚೆನ್ನಾಗಿ ಹೇಳ್ತಾವ್ರೆ. ನನ್ನನ್ನ ಕಣ್ಮಣಿ ಅಂದ್ರು. ಇಷ್ಟು ತಲೆಮಾರಲ್ಲಿ ಯಾರೂ ಅಂದಿರ್ಲಿಲ್ಲ."

"ಸಾಯ್ತೀಯೋ ಗೊರಕಾ!"

"ಗೊತ್ತು. ಬಲೇ ಸಿಹಿ ಅದೆ ಸೊಸೆಮ್ಮಾ. ಇನ್ನೊಂದ್ ಭಾಷಣ ಕೇಳ್ಬುಟ್ಟು..."

ಮೇಲೆ ಬಂಡೆ, ಕೆಳಗೆ ಊರು, ಅಲ್ಲಿ ನನ್ನ ಗಂಡ, ಇಲ್ಲಿ ಈ ಮೂರ್ಖ ಒಂದು ಸಿಹಿಮಾತಿಗೆ ಪ್ರಾಣ ಬಿಡಲು ಕೂತಿದ್ದಾನೆ. ಅತ್ತೆಯ ಮಾತು ಒಂದೂ ನೆನಪಿಗೆ ಬರಲಿಲ್ಲ. ಬಂದಿದ್ದೆಲ್ಲ ನನ್ನದೇ.

"ಲೋ ಅಡ್ನಾಡಿ! ಲೋ ಹೊಟ್ಟೆಬಾಕ ಶನಿಯೇ! ನನ್ನ ಹೊಸಿಲು ತಿಂದೆ, ಬಾಗಿಲು ತಿಂದೆ, ಕಂಬ ತಿಂದೆ, ಈಗ ನನ್ನ ತಲೆ ತಿಂದು ಆರಾಮಾಗಿ ಸಾಯ್ತೀನಿ ಅಂತೀಯಾ? ಯಾರನ್ನ ಕೇಳಿ ಸಾಯ್ತಿದೀಯೋ ಮೂದೇವಿ? ಅತ್ತೆ ಹೋದ ಮೇಲೆ ಆ ಮನೇಲಿ ನನ್ನ ಜೊತೆ ಮಾತಾಡೋ ಪ್ರಾಣಿ ನೀನೊಬ್ಬನೇ ಅಲ್ವೇನೋ! ಅವರಂತೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾರೆ! ನೀನೂ ಹೋದ್ರೆ ಬೆಳಿಗ್ಗೆ ಎದ್ದು ನಾನು ಯಾರ ಮುಖಕ್ಕೆ ಬೈಲೋ? ಗೋಡೆಗಾ? ಗೋಡೆನಾದ್ರೂ ಎಲ್ಲೋ ಉಳಿಸಿದೀಯಾ, ಪೀಡೆ? ಎದ್ದು ನಿಲ್ಲೋ ಸೋಂಬೇರಿ ಕೋಣ! ಆ ಪೇಟ ಕಿತ್ತು ಬಿಸಾಕು, ನಿನ್ನ ಮೂತಿಗೆ ಪೇಟ ಬೇರೆ ಕೇಡು!"

ಗೊರಕನ ಹೆಗಲು ಚಟಚಟ ಅಂತ ಅಗಲವಾಯಿತು. ಪೇಟ ಹರಿಯಿತು, ಹಾರ ಪಟ್ಟನೆ ಕಿತ್ತು ಮಣಿಯೆಲ್ಲ ಚೆಲ್ಲಿದವು. ಬಾಳೆಗಿಡದೆತ್ತರಕ್ಕೆ ಬಂದು ನಿಂತ. ಆದರೆ ಬಂಡೆಯನ್ನು ಹಿಂದಕ್ಕೆ ತಳ್ಳಲು ಅಷ್ಟು ಸಾಲಲಿಲ್ಲ. ನನ್ನ ಉಸಿರು ಮುಗಿದಿತ್ತು. ಥೂ ಅನ್ನಬೇಕು. ತುಟಿ ಜೋಡಿಸಿದೆ, ಅಳು ಬಂದು ಪುಸ್ ಅಂದಿತು.

ಆಗ ನನ್ನ ಹಿಂದೆ ಕುರ್ಚಿ ಸದ್ದಾಯಿತು. ಮದುವೆಯಾದಾಗಿನಿಂದ ನಾನು ಅವರ ಗಟ್ಟಿ ದನಿ ಕೇಳಿರಲಿಲ್ಲ. ನಮ್ಮವರು ಎದ್ದು ನಿಂತು, ಪಂಚೆ ಎತ್ತಿ ಕಟ್ಟಿ, ಇಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಬಿಟ್ಟರು. "ಥೂ!"

ಅಬ್ಬಬ್ಬಾ, ಎಂಥಾ ಥೂ ಅದು! ಸಾಕ್ಷಾತ್ ಕೆಂಚವ್ವನ ಮಗ! ತೋರಣ ಹಾರಿಹೋಯಿತು. ಮುದುಕಿಯರಿಗೆ ಅತ್ತೆಯ ನೆನಪಾಯಿತೋ ಏನೋ, ಅವರೂ ಥೂ ಅಂದರು. ಊರಿಗೆ ಊರೇ ಎದ್ದು ಥೂ ಅಂದಿತು. ಗೌಡರು ಮಾತ್ರ "ಎಂಥಾ ಸೊಗಸಾದ ಥೂ..." ಅಂತ ಶುರುಮಾಡಿದರು, ಪಕ್ಕದವರು ಅವರ ಬಾಯಿಗೆ ಸನ್ಮಾನದ ಬಾಳೆಹಣ್ಣು ತುರುಕಿದರು. ಗೊರಕ ಹುಣಸೆ ಮರ ದಾಟಿ, ತೆಂಗಿನ ಮರ ದಾಟಿ ಬೆಳೆದ. ಒಂದು ಸಲ ತೇಗಿದ. ಡೊಳ್ಳುಬಂಡೆಯನ್ನು ತಲೆಯ ಮೇಲೆತ್ತಿ ಗುಡ್ಡದ ಆಚೆ ಬದಿಗೆ ಎಸೆದು ಕೈ ಕೊಡವಿಕೊಂಡ. ನಾವೆಲ್ಲ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಗಾಬರಿಯಿಂದ ಹಿಂದಕ್ಕೆ ಕಟ್ಟಿಕೊಂಡೆವು.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಗೊರಕ ಬಂದು ಬಾವಿಯ ಪಕ್ಕ ಕೂತ. ಶಾಲು ಅವನ ಕಿರುಬೆರಳಿಗೆ ಸುತ್ತಿಕೊಂಡಿತ್ತು. ಬಿಚ್ಚಿ ಎಸೆದಿರಲಿಲ್ಲ. ನೆಲ ಕೆರೆಯುತ್ತ ಕೇಳಿದ. "ಅಮ್ಮಾವ್ರೇ, ಗೌಡ್ರು ಅಂದ್ರಲ್ಲ, ಅದೆಲ್ಲ ನಿಜವಾ?"

ಅತ್ತೆ ಹೋದಾಗಿನಿಂದ ಅವನು ನನ್ನನ್ನು ಸೊಸೆಮ್ಮ ಅನ್ನದೆ ಮಾತಾಡಿದ್ದು ಅದೇ ಮೊದಲು. ನಾನು ಆ ಕಡೆ ಈ ಕಡೆ ನೋಡಿ, ಅವನು ಬಗ್ಗಿಸಿದ ಕಿವಿಯ ಹತ್ತಿರ ಹೋಗಿ, "ಹೂಂ ಕಣೋ, ನಿಜ" ಅಂದೆ. ಅವನು ಮೊಳದುದ್ದ ಇಳಿದು, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿದ. "ಅಷ್ಟೇ ಸಾಕು, ಜಾಸ್ತಿ ತಿಂದ್ರೆ ಆಗಲ್ಲ ನಿಂಗೆ. ಏಳೋ ದಂಡಪಿಂಡ, ನೀರು ಯಾರು ನಿಮ್ಮಪ್ಪ ಸೇದ್ತಾನಾ?" ಅಂತ ಕೂಡಲೇ ಗದರಿದೆ. ಮತ್ತೆ ಸರಿಹೋದ.

ಈಗ ನಮ್ಮ ಮನೆಗೆ ಹೊಸ ಹೊಸಿಲು, ಹೊಸ ಬಾಗಿಲು, ಹೊಸ ಕಂಬ ಎಲ್ಲ ಬಂದಿವೆ. ಬೆಳಿಗ್ಗೆ ನಾನು ಬೈಯುತ್ತೇನೆ, ನಮ್ಮವರು ಥೂ ಅನ್ನುತ್ತಾರೆ. ಅಕ್ಕಪಕ್ಕದ ಅಸುರರು ಮತ್ತೆ ಗೋಡೆಯ ಮೇಲೆ ಗಲ್ಲ ಊರಿಕೊಂಡು ಕಾಯುತ್ತಾರೆ. ಹಳೆಯದೆಂದರೆ ಆ ಹಿತ್ತಲಬಾಗಿಲೊಂದೇ. ಮೊನ್ನೆ ಯುಗಾದಿಯ ದಿನ ನೋಡುತ್ತೇನೆ, ಗೊರಕ ಅದರ ಮುಂದೆ ಕೂತು ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಾನೆ, ಹುಳ ಹಿಡಿಯಬಾರದು ಅಂತ.

"ಯಾಕೋ, ಹಬ್ಬ ಬಂತಲ್ಲ, ತಿನ್ನಲ್ವೇನೋ?" ಅಂದೆ.

"ಮುಂದಿನ ಹಬ್ಬಕ್ಕೆ ಅಮ್ಮಾವ್ರೇ" ಅಂದ, ಮುಖ ತಿರುಗಿಸದೆ.

ಹೋದ ಯುಗಾದಿಗೂ ಹಾಗೇ ಅಂದಿದ್ದ. ನನಗೆ ಎದೆ ತುಂಬಿ ಬಂತು, ಬಾಯಿಗೆ ಏನೇನೋ ಒಳ್ಳೆಯ ಮಾತು ಬಂದವು. ಅದರಲ್ಲಿ ಒಂದನ್ನು ಆಡಿದ್ದರೂ ಹಬ್ಬದ ದಿನ ಅವನು ಬೆಕ್ಕಿನಷ್ಟಾಗಿ ಹೋಗುತ್ತಿದ್ದ. ಎಲ್ಲವನ್ನೂ ನುಂಗಿಕೊಂಡು, ಕಣ್ಣೊರೆಸಿಕೊಂಡು, ಸೊಂಟಕ್ಕೆ ಕೈಕೊಟ್ಟು ನಿಂತೆ. "ಲೋ ಹಾಳಾದೋನೇ, ಒಂದು ಬಾಗಿಲು ತಿನ್ನೋ ಯೋಗ್ಯತೆ ಇಲ್ಲ, ನೀನೆಂಥಾ ಅಸುರನೋ! ಥೂ!" ಅಂದೆ. ಥೂ ಸರಿಯಾಗಿಯೇ ಬಂತು. ಗೊರಕ ಎಣ್ಣೆಯ ಕೈಯಲ್ಲೇ ಹೊಟ್ಟೆ ಸವರಿಕೊಂಡು, "ಇನ್ನೊಂಚೂರು ಬಡಿಸಿ ಅಮ್ಮಾವ್ರೇ, ಹಬ್ಬ ಅಲ್ವಾ" ಅಂದ.